ಟೆಸ್ಟರಣ್ಣನ ಮನೆಗೆ ವೈರಿಂಗಿನವನು ಬಂದದ್ದು

ನಮ್ಮ ಬೀದಿಯಲ್ಲಿ ಕರೆಂಟು ಹೋದಾಗ, ಅದು ಬೀದಿಗೆಲ್ಲ ಹೋಗಿದೆಯೋ ನಮಗೊಬ್ಬರಿಗೇ ಹೋಗಿದೆಯೋ ಎಂದು ತಿಳಿಯಲು ಟೆಸ್ಟರಣ್ಣನ ಮನೆಯ ಕಡೆ ನೋಡಿ ಪ್ರಯೋಜನವಿಲ್ಲ. ಆ ಮನೆಯಲ್ಲಿ ಕರೆಂಟು ಇದ್ದಾಗಲೂ ದೀಪ ಉರಿಯುತ್ತದೆಂಬ ಖಾತರಿಯಿಲ್ಲ.

ಟೆಸ್ಟರಣ್ಣ ಎಲೆಕ್ಟ್ರಿಷಿಯನ್. ಅಂಗಿ ಬದಲಾದರೂ ಜೇಬಿನ ಟೆಸ್ಟರ್ ಬದಲಾಗದೆ ಇರುವುದರಿಂದ ಆ ಹೆಸರು. ಊರಿನ ಅರ್ಧದಷ್ಟು ಗೋಡೆಗಳ ಹೊಟ್ಟೆಯೊಳಗೆ ಅವನು ಹೂತ ಪೈಪುಗಳಿವೆ. ಅವನ ಸ್ವಂತ ಮನೆಯಲ್ಲಿ ಮಾತ್ರ ಫ್ಯಾನು ಶುರುವಾಗಬೇಕಾದರೆ ಪೊರಕೆಯ ಹಿಡಿಯಿಂದ ರೆಕ್ಕೆಯನ್ನು ಒಮ್ಮೆ ತಿವಿಯಬೇಕು. ಬಚ್ಚಲಿನ ಬಲ್ಬು ಹತ್ತಬೇಕಾದರೆ ಫ್ರಿಜ್ಜಿನ ಬೆನ್ನಿಗೆ ಒಂದೇಟು ಕೊಡಬೇಕು. ಇವೆರಡಕ್ಕೂ ಏನಯ್ಯ ಸಂಬಂಧ ಎಂದರೆ, "ಸಂಬಂಧಗಳನ್ನೆಲ್ಲ ಬಿಡಿಸಿ ಹೇಳೋಕಾಗುತ್ತಾ" ಎನ್ನುತ್ತಾನೆ. ಮಿಕ್ಸಿಗೆ ಪ್ಲಗ್ಗೇ ಇಲ್ಲ. ವೈರಿನ ಎರಡು ತುದಿಗಳನ್ನು ಸಾಕೆಟ್ಟಿನ ತೂತಿಗೆ ತುರುಕಿ, ಬೀಳದಿರಲೆಂದು ಎರಡು ಬೆಂಕಿಕಡ್ಡಿ ಸಿಕ್ಕಿಸಿದ್ದಾನೆ. ಸರಿಮಾಡಿ ಎಂದು ಹೆಂಡತಿ ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ:

"ದಿನವೆಲ್ಲ ಅದೇ ಕೆಲಸ ಮಾಡಿ ಸತ್ತು ಬಂದಿರ್ತೀನಿ. ಮನೇಲೂ ಅದೇ ಮಾಡು ಅಂದ್ರೆ ಮನುಷ್ಯ ಬದುಕೋದು ಬೇಡ್ವಾ?"

ಇದನ್ನು ಕೇಳಿಸಿಕೊಳ್ಳುವ ಹೆಂಡತಿ ಒಂದು ಹಾಸ್ಟೆಲಿನಲ್ಲಿ ಅಡುಗೆಯವಳು. ದಿನವೆಲ್ಲ ಅಡುಗೆ ಮಾಡಿ ಬಂದು, ಇವನ ಮಾತು ಮುಗಿಯುವಷ್ಟರಲ್ಲಿ ಇವನಿಗೂ ಬಡಿಸಿರುತ್ತಾಳೆ.

ಇಷ್ಟು ಕೆಲಸ ಬಲ್ಲವನಿಗೆ ಲೈಸೆನ್ಸ್ ಇರಲಿಲ್ಲ. ಲೈಸೆನ್ಸ್ ಇದ್ದದ್ದು ಸಹಿ ಸಾಹುಕಾರರಿಗೆ. ಕಟ್ಟಡದ ವೈರಿಂಗ್ ಮುಗಿದ ಮೇಲೆ, ಇದನ್ನು ಲೈಸೆನ್ಸ್ ಇರುವ ಕಾಂಟ್ರಾಕ್ಟರೇ ನಿಯಮದ ಪ್ರಕಾರ ಮಾಡಿದ್ದಾರೆ ಎಂದು ಒಂದು ಸಹಿ ಬೀಳದೆ ಕರೆಂಟು ಕೊಡುವುದಿಲ್ಲ. ಆ ಸಹಿ ಸಾಹುಕಾರರದು. ಕೆಲಸ ಟೆಸ್ಟರಣ್ಣನದು. ಬಹಳ ನ್ಯಾಯವಾದ ಹಂಚಿಕೆ. ಒಬ್ಬರು ಏಣಿ ಹತ್ತಬೇಕು, ಒಬ್ಬರು ಸಹಿ ಹಾಕಬೇಕು. ಏಣಿಯಿಂದ ಬಿದ್ದು ಕಾಲು ಮುರಿದುಕೊಂಡವರಿದ್ದಾರೆ, ಸಹಿಯಿಂದ ಬಿದ್ದವರು ಯಾರೂ ಇಲ್ಲ. ಹಾಗಾಗಿ ಸಹಿಗೆ ಏಣಿಗಿಂತ ಹೆಚ್ಚು ಕೂಲಿ.

ಹೀಗೇ ನಡೆದುಹೋಗುತ್ತಿತ್ತು. ಕೆಡಿಸಿದ್ದು ಒಂದು ಮೈಕು.

ಹೊಸ ವಾಚನಾಲಯದ ಉದ್ಘಾಟನೆ. ಕಟ್ಟಡದ ವೈರಿಂಗ್ ಪೂರ್ತಿ ಟೆಸ್ಟರಣ್ಣನದು. ವೇದಿಕೆಯ ಮೇಲೆ ಹೂಗುಚ್ಛ ಹಿಡಿದು ಕೂತವರು ಸಾಹುಕಾರರು. ಟೆಸ್ಟರಣ್ಣನೂ ವೇದಿಕೆಯ ಮೇಲೇ ಇದ್ದ, ಪರದೆಯ ಹಿಂದೆ. ಮೈಕಿನ ಪ್ಲಗ್ಗು ಸಡಿಲವಾಗಿ, ಯಾರಾದರೂ ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ಮಾತು ಹೊರಗೆ ಕೇಳುತ್ತಿತ್ತು. ಅವನು ಕುಕ್ಕರಗಾಲಿನಲ್ಲಿ ಕೂತು ಒತ್ತಿ ಹಿಡಿದಿದ್ದ. ಸಾಹುಕಾರರು ಎದ್ದು, ಗಂಟಲು ಸರಿಮಾಡಿಕೊಂಡು, "ಈ ಕಟ್ಟಡದ ಒಂದೊಂದು ದೀಪವೂ ನನ್ನ ಈ ಎರಡು ಕೈಗಳಿಂದ ಬೆಳಗಿದೆ" ಎಂದರು. ಚಪ್ಪಾಳೆ ಬಿತ್ತು. ಟೆಸ್ಟರಣ್ಣನಿಗೆ ಒತ್ತಿದ್ದ ಬೆರಳನ್ನು ತೆಗೆದುಬಿಡಬೇಕು ಎನಿಸಿತಂತೆ. ತೆಗೆಯಲಿಲ್ಲ. ತೆಗೆದಿದ್ದರೆ, "ಯಾರ್ರೀ ಇದರ ವೈರಿಂಗ್ ಮಾಡಿದ್ದು" ಎಂಬ ಪ್ರಶ್ನೆ ಬರುತ್ತಿತ್ತು. ಆಗ ಮಾತ್ರ ಸಾಹುಕಾರರು ತಪ್ಪದೆ ಇವನ ಹೆಸರು ಹೇಳುತ್ತಿದ್ದರು.

ಮನೆಗೆ ಬಂದವನೇ ಘೋಷಿಸಿದ. "ನಾನೂ ಲೈಸೆನ್ಸ್ ಮಾಡಿಸ್ತೀನಿ."

"ಮೊದಲು ಮಿಕ್ಸಿಗೆ ಪ್ಲಗ್ ಹಾಕಿ," ಎಂದಳು ಹೆಂಡತಿ.

"ದೊಡ್ಡ ವಿಷಯ ಮಾತಾಡುವಾಗ ಮಿಕ್ಸಿ ತರಬೇಡ ಕಣೇ."

ಲೈಸೆನ್ಸ್ ಎಂಬುದು ಸುಮ್ಮನೆ ಬರುವ ವಸ್ತುವಲ್ಲ. ಅರ್ಜಿಗೆ ಶುಲ್ಕ. ಅರ್ಜಿಯ ಜೊತೆ ಲಗತ್ತಿಸುವ ಪತ್ರಗಳಿಗೆ ಶುಲ್ಕ. ಆ ಪತ್ರಗಳು ನಿಜವೆಂದು ಹೇಳುವ ಪತ್ರಕ್ಕೆ ಮತ್ತೆ ಶುಲ್ಕ. ಪರೀಕ್ಷೆಯನ್ನು ಅವನು ಹೇಗೋ ದಾಟಿದ್ದ. ಆದರೆ ಮೆಗ್ಗರ್, ಅಂದರೆ ವೈರಿನ ಮೈಯಿಂದ ಕರೆಂಟು ಸೋರುತ್ತಿದೆಯೇ ಎಂದು ಅಳೆಯುವ ಪೆಟ್ಟಿಗೆ, ಸ್ವಂತದ್ದೇ ಇರಬೇಕೆಂಬ ನಿಯಮವಿತ್ತು. ಅದನ್ನು ಬಳಸಬೇಕೆಂಬ ನಿಯಮ ಎಲ್ಲಿಯೂ ಕಾಣಲಿಲ್ಲ, ಇರಬೇಕು ಅಷ್ಟೆ. ಟೆಸ್ಟರಣ್ಣ ಸ್ಕೂಟರ್ ಮಾರಿ ಮೆಗ್ಗರ್ ಕೊಂಡ. ಇಷ್ಟು ದಿನ ಅವನು ಹತ್ತಿ ಓಡಾಡುತ್ತಿದ್ದದ್ದು ಈಗ ಅವನ ಹೆಗಲು ಹತ್ತಿ ಓಡಾಡತೊಡಗಿತು. ಏಣಿ ಬೇರೆ. ಒಂದು ಹೆಗಲಿಗೆ ಏಣಿ, ಇನ್ನೊಂದಕ್ಕೆ ಮೆಗ್ಗರ್ ನೇತುಹಾಕಿಕೊಂಡು ಅವನು ಬಿಸಿಲಲ್ಲಿ ನಡೆದುಹೋಗುವುದನ್ನು ಕಂಡಾಗಲೇ, ಇವನು ಮೇಲೆ ಬರುತ್ತಿದ್ದಾನೆ ಎಂದು ನಮ್ಮ ಬೀದಿಗೆ ಗೊತ್ತಾದದ್ದು. ಲೈಸೆನ್ಸ್ ಬಾರದೆ ಹೋದರೆ ಸ್ಕೂಟರೂ ಇಲ್ಲ, ಮಾನವೂ ಇಲ್ಲ ಎಂಬುದು ಬೀದಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು.

ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡ ಗುಮಾಸ್ತೆ, ಟೀ ಲೋಟದ ಮೇಲಿನಿಂದ ಅದನ್ನು ಓದಿದ.

"ನಿಮ್ಮ ಆಫೀಸ್ ಎಲ್ಲಿ?"

"ನಮ್ಮನೆ ಮುಂದಿನ ರೂಮೇ ಸಾರ್."

"ಆ ಮನೆ ವೈರಿಂಗ್ ಲೈಸೆನ್ಸ್ ಇರೋರು ಮಾಡಿರಬೇಕು. ಇನ್‌ಸ್ಪೆಕ್ಟರ್ ಬಂದು ನೋಡ್ತಾರೆ."

"ಅದಕ್ಕೇನು ಸಾರ್, ನಾನೇ ಮಾಡ್ತೀನಿ."

"ನಿಮಗೆ ಲೈಸೆನ್ಸ್ ಇದೆಯಾ?"

"ಅದನ್ನ ಕೇಳೋಕೇ ತಾನೆ ಬಂದಿರೋದು."

"ಹಾಗಾದ್ರೆ ನೀವು ಮಾಡೋ ಹಾಗಿಲ್ಲ. ಲೈಸೆನ್ಸ್ ಬಂದ ಮೇಲೆ ಮಾಡಿ."

"ಸಾರ್, ಲೈಸೆನ್ಸ್ ಇಲ್ಲದೆ ವೈರಿಂಗ್ ಮಾಡಬಾರದು. ವೈರಿಂಗ್ ಆಗದೆ ಲೈಸೆನ್ಸ್ ಕೊಡಲ್ಲ. ಹಾಗೆ ತಾನೆ?"

ಗುಮಾಸ್ತೆ ಲೋಟ ಕೆಳಗಿಟ್ಟು ಮೊದಲ ಬಾರಿಗೆ ಅವನ ಮುಖ ನೋಡಿದ. "ಪರವಾಗಿಲ್ಲ ಕಣ್ರೀ. ತುಂಬಾ ಜನಕ್ಕೆ ಇದು ಇಷ್ಟು ಬೇಗ ಅರ್ಥ ಆಗಲ್ಲ."

ಟೆಸ್ಟರಣ್ಣ ಸೀದಾ ಸಾಹುಕಾರರ ಬಳಿ ಹೋದ. ತನಗೆ ಪೈಪೋಟಿಯಾಗಿ ಬರುವವನಿಗೆ ಸಾಹುಕಾರರು ಸಹಾಯ ಮಾಡುತ್ತಾರೆಯೇ ಎಂದು ಯಾರಿಗಾದರೂ ಅನುಮಾನ ಬರಬಹುದು. ಅನುಮಾನ ಪಡುವವರು ಸಾಹುಕಾರರ ಕೈ ನೋಡಿದವರಲ್ಲ. ಎದುರಿಗೆ ಖಾಲಿ ಜಾಗವಿರುವ ಕಾಗದ ಕಂಡರೆ ಅದು ತಾನಾಗಿ ಹೋಗಿ ಸಹಿ ಮಾಡಿ, ಅದರ ಬಾಬ್ತು ಹಣ ಎಣಿಸಿಕೊಂಡು ಬರುತ್ತಿತ್ತು. ಅವರು ಯೋಚಿಸುವುದು ಆಮೇಲೆ.

"ನಿನ್ನ ಮನೆ ವೈರಿಂಗ್ ತಾನೆ? ನನ್ನ ಸಹಿಯಲ್ಲೇ ಆಗಲಿ ಬಿಡು. ಯಾವುದಕ್ಕೂ ತಲೆ ಕೆಡಿಸ್ಕೋಬೇಡ, ನಾನು ಒಳ್ಳೆ ಆಳು ಕಳಿಸ್ತೀನಿ."

ಸಂಜೆ ಟೆಸ್ಟರಣ್ಣನಿಗೆ ಸಾಹುಕಾರರ ಫೋನು ಬಂತು. "ನಾಳೆ ಒಂದು ಮನೆ ಕೆಲಸ ಇದೆ ಕಣಯ್ಯ. ಬೆಳಿಗ್ಗೆನೇ ಹೋಗಿಬಿಡು."

"ಯಾರ ಮನೆ ಸಾರ್?"

"ನಿನ್ನದೇ."

ಮರುದಿನ ಬೆಳಿಗ್ಗೆ ಅವನು ತಿಂಡಿಗೆ ಕೂತಿದ್ದಾಗ, ಹಾಸ್ಟೆಲಿಗೆ ರಜೆ ಹಾಕಿದ್ದ ಹೆಂಡತಿ ಕೇಳಿದಳು. "ಸಾಹುಕಾರರ ಕಡೆಯವರು ಎಷ್ಟು ಹೊತ್ತಿಗೆ ಬರ್ತಾರಂತೆ?"

"ಬಂದಾಯ್ತು," ಎಂದ ಟೆಸ್ಟರಣ್ಣ, ತಟ್ಟೆಯಿಂದ ತಲೆ ಎತ್ತದೆ.

ಅವಳು ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಕರೆಂಟಿನ ಮೀಟರು ಇದ್ದದ್ದು ಅವಳ ಹೆಸರಿನಲ್ಲಿ. ಅಂದರೆ ಕಾಗದದ ಪ್ರಕಾರ ಅವಳು ಗಿರಾಕಿ, ಇವನು ಸಾಹುಕಾರರ ಆಳು. ಗಿರಾಕಿಗಳು ಎಂಥವರು ಎಂಬುದನ್ನು ಅವಳು ಕಲಿಯಬೇಕಾಗಿರಲಿಲ್ಲ. ಮದುವೆಯಾದಾಗಿನಿಂದ ಟೆಸ್ಟರಣ್ಣ ರಾತ್ರಿ ಊಟಕ್ಕೆ ಕೂತು, ಅಂದಂದಿನ ಗಿರಾಕಿಗಳ ಧ್ವನಿಯನ್ನು ಅನುಕರಿಸಿ ಬೈದದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಈಗ ಆ ಪಾಠಗಳೆಲ್ಲ ಒಟ್ಟಿಗೆ ಕೆಲಸಕ್ಕೆ ಬಂದವು.

"ತಿಂಡಿ ತಿಂದುಕೊಂಡು ಬರಬಾರದಾಗಿತ್ತಾ? ಕೆಲಸಕ್ಕೆ ಬಂದ ಮನೇಲಿ ಹೀಗೆ ಕೂತ್ಕೊಂಡ್ರೆ ಹೇಗೆ?"

ಟೆಸ್ಟರಣ್ಣ ನಕ್ಕ. ಹತ್ತು ಗಂಟೆಯ ಹೊತ್ತಿಗೆ ನಗು ನಿಂತಿತ್ತು.

"ಸ್ವಿಚ್ ಬೋರ್ಡು ಇಲ್ಲಿ ಬೇಡ, ಕಿಟಕಿ ಪಕ್ಕ ಇರಲಿ," ಎಂದಳು. ಅವನು ಕಿಟಕಿಯ ಪಕ್ಕದ ಗೋಡೆಯನ್ನು ಉಳಿಯಿಂದ ಕೊರೆದು ಕಾಲುವೆ ತೆಗೆದ. ಅವಳು ದೂರ ನಿಂತು, ತಲೆ ಓರೆ ಮಾಡಿ ನೋಡಿದಳು. "ಮೊದಲು ನೀವು ಗುರುತು ಮಾಡಿದ ಜಾಗಾನೇ ಚೆನ್ನಾಗಿತ್ತು."

"ಮೊದಲೇ ಹೇಳಬಾರದಾ?"

"ನಿಮಗೆ ಗೊತ್ತಾಗಬೇಕಪ್ಪ. ನೀವು ಕೆಲಸ ತಿಳಿದೋರು ಅಂತ ತಾನೆ ಕರೆಸಿರೋದು?"

ಟೀ ಬಂತು. ಹಿಡಿ ಮುರಿದ ಕಪ್ಪಿನಲ್ಲಿ ಬಂತು.

"ಇದೇನೇ ಇದು? ನನ್ನ ಲೋಟ ಎಲ್ಲಿ?"

"ಅದು ಮನೆಯವರದ್ದು. ಕೆಲಸದವರಿಗೆ ಇದೇ ಇಡೋದು ಎಲ್ಲರ ಮನೇಲೂ. ನೀವೇ ಹೇಳ್ತಿದ್ರಲ್ಲ."

ಹೇಳುತ್ತಿದ್ದದ್ದು ನಿಜವಾದ್ದರಿಂದ ಟೆಸ್ಟರಣ್ಣ ಆ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಸುಟ್ಟುಕೊಳ್ಳುತ್ತ ಕುಡಿದ.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಹೆಡ್ ಮಾಸ್ತರರು ಕುರ್ಚಿಯ ಸಮೇತ ಬಂದರು. ಯಾರ ಮನೆಯಲ್ಲಿ ಏನು ರಿಪೇರಿ ನಡೆದರೂ ಅವರ ಕುರ್ಚಿ ಅಲ್ಲಿ ಹಾಜರು. ಅಂಗಳದಲ್ಲಿ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿಗೆಂದು ತೋಡಿದ ಗುಂಡಿಗೆ ಟೆಸ್ಟರಣ್ಣ ಇದ್ದಿಲೂ ಉಪ್ಪೂ ಸುರಿಯುತ್ತಿದ್ದ.

"ಉಪ್ಪು ಎಷ್ಟು ಹಾಕಬೇಕಯ್ಯ ಅದಕ್ಕೆ?"

"ರುಚಿಗೆ ತಕ್ಕಷ್ಟು ಮೇಷ್ಟ್ರೇ."

"ತಮಾಷೆ ಬೇಡ. ನಮ್ಮ ಸ್ಕೂಲಲ್ಲಿ ಹಾಕಿದಾಗ ಎರಡು ಮೂಟೆ ಹಾಕಿದ್ರು. ಈಗಿನವರು ಉಪ್ಪಲ್ಲೂ ಕದೀತಾರೆ."

"ನನ್ನ ಮನೆ ಉಪ್ಪು ನಾನೇ ಕದ್ದು ಏನು ಮಾಡಲಿ ಮೇಷ್ಟ್ರೇ?"

"ಅಭ್ಯಾಸ ಕಣಯ್ಯ, ಅಭ್ಯಾಸ," ಎಂದರು ಮೇಷ್ಟ್ರು, ಗಂಭೀರವಾಗಿ.

ಹೀಗೆ ಮೇಷ್ಟ್ರಿಗೆ ಲೋಕಜ್ಞಾನ ಇತ್ತೆಂಬುದು ಮಧ್ಯಾಹ್ನವೇ ಸಾಬೀತಾಯಿತು. ಎಲ್ಲ ಕೋಣೆಗಳ ಗೋಡೆ ಸೀಳಿ, ಹಳೆಯ ವೈರುಗಳನ್ನೆಲ್ಲ ಕಿತ್ತು, ಬಲ್ಬುಗಳನ್ನು ನೇಣಿಗೆ ಹಾಕಿದ ಹಾಗೆ ಇಳಿಬಿಟ್ಟಿದ್ದ ಟೆಸ್ಟರಣ್ಣನಿಗೆ ಒಂದು ಫೋನು ಬಂತು. ಬೇರೆ ಗಿರಾಕಿ. "ಬಂದೇ ಬಂದೇ" ಎಂದವನೇ ಏಣಿಯೆತ್ತಿಕೊಂಡು ಹೊರಟುಬಿಟ್ಟ. ಅವನ ತಪ್ಪಲ್ಲ. ಒಂದು ಮನೆಯ ಗೋಡೆಯನ್ನು ಪೂರ್ತಿ ಒಡೆದು, ಇನ್ನು ಇವರು ಬೇರೆಯವರನ್ನು ಕರೆಯಲಾರರು ಎಂದು ಖಾತ್ರಿಯಾದ ಕೂಡಲೇ ಕಾಲು ತಾನಾಗಿ ಮುಂದಿನ ಮನೆಗೆ ಹೋಗುವುದು ಆ ವೃತ್ತಿಯ ಧರ್ಮ. ಇದು ಯಾರ ಮನೆ ಎಂಬುದನ್ನು ಕಾಲಿಗೆ ಯಾರೂ ಹೇಳಿರಲಿಲ್ಲ.

ಅಂದು ಬರಲಿಲ್ಲ. ಮರುದಿನವೂ ಬರಲಿಲ್ಲ. ಅಂದರೆ ಗಂಡ ದಿನವೂ ಸಂಜೆ ಮನೆಗೆ ಬಂದು, ಸಿಮೆಂಟಿನ ಧೂಳನ್ನು ತಟ್ಟೆಯಿಂದ ಊದಿ ಉಂಡು ಮಲಗುತ್ತಿದ್ದ. ಬಾರದೆ ಇದ್ದವನು ಎಲೆಕ್ಟ್ರಿಷಿಯನ್. ಹೆಂಡತಿ ಮೊಂಬತ್ತಿ ಹಿಡಿದು, "ಆ ಕೆಲಸದವನು ಬರಲೇ ಇಲ್ಲ ನೋಡಿ" ಎಂದರೆ, "ಹೌದಾ, ಈ ಜನಾನೇ ಹೀಗೆ" ಎಂದು ಮರುಗಿ ಹೊದ್ದುಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಅವಳು ಫೋನೆತ್ತಿ ಅವನ ನಂಬರಿಗೆ ಮಾಡಿದಳು. ಟೆಸ್ಟರಣ್ಣ ಹಿತ್ತಲಿನಲ್ಲಿ ಮುಖಕ್ಕೆ ನೊರೆ ಬಳಿದುಕೊಂಡು ನಿಂತಿದ್ದ. ಯಾರದೆಂದು ನೋಡದೆ ಕಿವಿಗಿಟ್ಟ.

"ಏನ್ರೀ, ಗೋಡೆ ಒಡೆದು ಹೋದೋರು ಈ ಕಡೆ ತಲೇನೇ ಹಾಕಲಿಲ್ಲ?"

"ದಾರೀಲೇ ಇದ್ದೀನಿ ಅಮ್ಮಾ. ಸಿಗ್ನಲ್ ಹತ್ರ. ಇನ್ನು ಐದೇ ನಿಮಿಷ."

ಒಂದು ಕಿವಿಗೆ ಫೋನಿನಿಂದಲೂ ಇನ್ನೊಂದು ಕಿವಿಗೆ ಹಿತ್ತಲಿನಿಂದಲೂ ಆ ಮಾತು ಅವಳಿಗೆ ಕೇಳಿಸಿತು. ಬೇಲಿಯಾಚೆ ಹಲ್ಲುಜ್ಜುತ್ತಿದ್ದ ಮೇಷ್ಟ್ರು, "ಸಿಗ್ನಲ್ ಬಹಳ ಹತ್ತಿರ ಬಂದಿದೆಯಲ್ಲಯ್ಯ" ಎಂದರು.

ಆಮೇಲೆ ಅವಳು ನೇರವಾಗಿ ಸಾಹುಕಾರರಿಗೇ ದೂರು ಕೊಟ್ಟಳು. ಸಾಹುಕಾರರು ಟೆಸ್ಟರಣ್ಣನನ್ನು ಕರೆಸಿ ಉಗಿದರು.

"ಒಬ್ಬ ಹೆಂಗಸು ಫೋನ್ ಮಾಡಿ ಕಣ್ಣೀರು ಹಾಕ್ತಾಳೆ ಕಣಯ್ಯ. ನನ್ನ ಹೆಸರು ಹಾಳು ಮಾಡಬೇಕು ಅಂತಿದ್ದೀಯಾ? ಇನ್‌ಸ್ಪೆಕ್ಟರ್ ಬೇರೆ ಬರೋ ವಾರ ಬರ್ತಾರೆ. ಆ ಮನೆಯ ಯಜಮಾನನಿಗೆ ಲೈಸೆನ್ಸ್ ಬರಬೇಕಂತೆ. ಬಡವ ಪಾಪ, ಸ್ಕೂಟರ್ ಮಾರಿದ್ದಾನಂತೆ. ಒಬ್ಬನ ಹೊಟ್ಟೆ ಮೇಲೆ ಹೊಡೀಬೇಡ."

ತನ್ನ ಕಥೆಯನ್ನು ಬೇರೆಯವರ ಬಾಯಲ್ಲಿ ಕೇಳಿ ಟೆಸ್ಟರಣ್ಣನಿಗೆ ನಿಜಕ್ಕೂ ಕರುಳು ಚುರ್ ಎಂದಿತು. ಉಳಿದ ಗಿರಾಕಿಗಳಿಗೆಲ್ಲ ತಾನು ಸಿಗ್ನಲ್ ಹತ್ತಿರ ಇರುವುದಾಗಿ ಹೇಳಿ, ಮನೆಯ ಕೆಲಸಕ್ಕೆ ನಿಂತ. ನಿಂತದ್ದೇ ನಿಂತದ್ದು. ತೂಗುಗುಂಡು ಇಳಿಬಿಟ್ಟ ಹಾಗೆ ನೇರವಾದ ಪೈಪುಗಳು. ಜಡೆ ಹೆಣೆದ ಹಾಗೆ ಕೂತ ವೈರುಗಳು. ಮಿಕ್ಸಿಗೂ ಪ್ಲಗ್ಗು ಬಂತು. ಬೆಂಕಿಕಡ್ಡಿಗಳು ಮರಳಿ ಪೆಟ್ಟಿಗೆ ಸೇರಿದವು. ಕೊನೆಗೆ ಗಾರೆ ಬಳಿದು ಬಣ್ಣ ಹೊಡೆದಾಗ ಗೋಡೆಯೊಳಗೆ ಏನಿದೆ, ಎಲ್ಲಿದೆ ಎಂಬುದು ಹೊರಗಿನವರಿಗೆ ತಿಳಿಯುವ ಹಾಗೇ ಇರಲಿಲ್ಲ. ಬೀದಿಯಲ್ಲಿ ಯಾರಿಗೂ ಇದು ಟೆಸ್ಟರಣ್ಣನ ಕೆಲಸ ಎನಿಸಲಿಲ್ಲ. ಮೇಷ್ಟ್ರಂತೂ, ಮೊದಲ ದಿನ ಬಂದವನು ಓಡಿಹೋದ, ಆಮೇಲೆ ಸಾಹುಕಾರರೇ ಯಾರನ್ನೋ ಕಳಿಸಿದರು ಎಂದು ತಾವೇ ನೋಡಿದ ಹಾಗೆ ಹೇಳುತ್ತಿದ್ದರು. ಅವರಿಗೆ ಮೊಣಕಾಲು ನೋವು ಬಂದು ಆ ದಿನಗಳಲ್ಲಿ ಕುರ್ಚಿ ಈ ಕಡೆ ಬಂದಿರಲಿಲ್ಲ.

ಇನ್‌ಸ್ಪೆಕ್ಟರ್ ಬಂದರು. ವೈರಿಂಗ್ ಮಾಡಿದವರೆಂಬ ಹೆಸರಿನಲ್ಲಿ ಸಾಹುಕಾರರೂ ಬಂದರು. ಈ ಮನೆಗೆ ಅವರದು ಇದೇ ಮೊದಲ ಭೇಟಿ. ಒಳಗೆ ಬಂದವರೇ ಸೆಖೆಯೆಂದು, ಫ್ಯಾನಿನದೆಂದುಕೊಂಡು ಒಂದು ಸ್ವಿಚ್ ಒತ್ತಿದರು. ಅಡುಗೆಮನೆಯಲ್ಲಿ ದೀಪ ಹತ್ತಿತು. ಇನ್‌ಸ್ಪೆಕ್ಟರ್ ಅದನ್ನು ನೋಡಿದರು. ಫ್ಯಾನಿನ ಸ್ವಿಚ್ಚನ್ನು ಹೆಂಡತಿ ಬಂದು ಒತ್ತಿದಳು.

ಇನ್‌ಸ್ಪೆಕ್ಟರಿಗೆ ಒಂದು ವಿಶೇಷ ಭಾಷೆಯಿತ್ತು. ಸೇವೆಗೆ ಸೇರಿದಾಗಿನಿಂದ ವರದಿ ಬರೆದು ಬರೆದು ಅವರು ಮಾತಾಡುವುದೂ ವರದಿಯ ಹಾಗೇ ಆಗಿತ್ತು. ತಲೆಯೆತ್ತಿ ನೋಡಿ, "ಫ್ಯಾನು ತಿರುಗುತ್ತಿರುವುದು ಕಂಡುಬಂದಿದೆ" ಎಂದರು. ಹೆಂಡತಿ ನೀರು ತಂದುಕೊಟ್ಟಾಗ, "ನೀರನ್ನು ಸ್ವೀಕರಿಸಲಾಯಿತು" ಎಂದು ಕುಡಿದರು. ಟೆಸ್ಟರಣ್ಣನ ಮೆಗ್ಗರನ್ನೇ ತಗುಲಿಸಿ, ಅದರ ಹಿಡಿಯನ್ನು ಅವರೇ ತಿರುಗಿಸಿದರು. ಮುಳ್ಳು ನಿಂತ ಜಾಗ ನೋಡಿ ಹುಬ್ಬೇರಿಸಿದರು.

"ಕಾಮಗಾರಿಯು ಅತ್ಯುತ್ತಮವಾಗಿರುತ್ತದೆ."

"ಮೂವತ್ತು ವರ್ಷದ ಅನುಭವ ಸಾರ್," ಎಂದರು ಸಾಹುಕಾರರು.

ಟೆಸ್ಟರಣ್ಣ ತುಟಿ ಕಚ್ಚಿದ. ಇನ್‌ಸ್ಪೆಕ್ಟರ್ ಅಂಗಳಕ್ಕೆ ಹೋಗಿ ಅರ್ಥಿಂಗ್ ಗುಂಡಿಯ ಮುಚ್ಚಳ ತೆಗೆಸಿದರು. "ಇಂತಹ ಅರ್ಥಿಂಗು ಈ ಭಾಗದಲ್ಲಿ ಅಪರೂಪ."

"ಕೈ ಪಳಗಿದೆ ಸಾರ್," ಎಂದರು ಸಾಹುಕಾರರು, ಪಳಗಿದ ಕೈಯನ್ನು ಜೇಬಿನಿಂದ ತೆಗೆಯದೆ.

ಟೆಸ್ಟರಣ್ಣನ ಕಿವಿ ಕೆಂಪಾಯಿತು. ಇನ್‌ಸ್ಪೆಕ್ಟರ್ ಮೇನ್ ಬೋರ್ಡಿನ ಬಾಗಿಲು ತೆರೆದು, ಒಳಗಿನ ವೈರುಗಳ ಓರಣ ನೋಡಿ, ಅವನ ಕಡೆ ತಿರುಗಿ ಹೇಳಿದರು. "ಅರ್ಜಿದಾರರು ಇವರಿಂದ ಕಲಿಯತಕ್ಕದ್ದು ಬಹಳ ಇರುತ್ತದೆ."

ಆಗ ಅವನ ಫ್ಯೂಸು ಹೋಯಿತು.

"ಕಲಿಯೋದಾ? ಇವರಿಂದಾ? ಸಾರ್, ಇದನ್ನೆಲ್ಲ ಮಾಡಿರೋನು ನಾನು."

ಲೈಸೆನ್ಸ್ ಇಲ್ಲದೆ ವೈರಿಂಗ್ ಮಾಡಿದೆ ಎಂದು ಲೈಸೆನ್ಸ್ ಕೊಡಲು ಬಂದವರ ಎದುರಿಗೇ ಒಪ್ಪಿಕೊಂಡ ಅರ್ಜಿದಾರನನ್ನು ಆ ಇಲಾಖೆ ಅದುವರೆಗೆ ಕಂಡಿರಲಿಲ್ಲ. ಸಾಹುಕಾರರು ಕೆಮ್ಮಿದರು. ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು.

ಹೆಂಡತಿಗೆ ಹೋದ ಸ್ಕೂಟರ್ ಕಣ್ಣ ಮುಂದೆ ಬಂದಿರಬೇಕು. ಮುಂದೆ ಬಂದಳು.

"ಇವರ ಮಾತು ನಂಬಬೇಡಿ ಸಾರ್. ಇವರು ಈ ಮನೇಲಿ ಕೆಲಸ ಮಾಡೋದಾ? ಒಂದು ಬಲ್ಬು ಬದಲಾಯಿಸಿ ಅಂತ ಕೇಳಿ ಕೇಳಿ ನನ್ನ ಕೂದಲು ಬೆಳ್ಳಗಾಯ್ತು. ಬೇಕಾದ್ರೆ ಬೀದೀಲಿ ಯಾರನ್ನಾದ್ರೂ ಕೇಳಿ."

ಕೇಳುವ ಅಗತ್ಯ ಬೀಳಲಿಲ್ಲ. ಬೀದಿ ಆಗಲೇ ಕಿಟಕಿಯ ಸರಳು ಹಿಡಿದು ನಿಂತಿತ್ತು.

"ನಾನು ಸಾಕ್ಷಿ ಸಾರ್," ಎಂದ ಎದುರು ಮನೆಯ ಟೈಲರ್. "ಅಕ್ಕ ಫ್ಯಾನಿಗೆ ಪೊರಕೇಲಿ ತಿವಿಯೋದು ನಮ್ಮ ಅಂಗಡಿಗೇ ಕಾಣ್ತಿತ್ತು. ಈ ಅಣ್ಣ ಕೆಳಗೆ ಮಲಗಿಕೊಂಡು, ಇನ್ನೂ ಸ್ವಲ್ಪ ಜೋರಾಗಿ ತಿವಿ ಅಂತಿದ್ರು."

ಮೇಷ್ಟ್ರು ಕಿಟಕಿಯಿಂದಲೇ ಪಾಠ ಒಪ್ಪಿಸಿದರು. "ಈ ಮನೆ ಕರೆಗಂಟೆ ಕೆಟ್ಟಾಗ ನಾನಿನ್ನೂ ರಿಟೈರ್ ಆಗಿರಲಿಲ್ಲ. ಇವನು ಸೋಮಾರಿ ಅನ್ನೋದಕ್ಕೆ ಬರೆದುಕೊಡಿ ಅಂದ್ರೆ ಬರೆದುಕೊಡ್ತೀನಿ. ಇಂಥ ಕೆಲಸ ಇವನ ಕೈಲಿ, ಅದೂ ಸ್ವಂತ ಮನೇಲಿ, ಸಾಧ್ಯವೇ ಇಲ್ಲ."

ಜೀವಮಾನದಲ್ಲಿ ಮೊದಲ ಬಾರಿಗೆ ಮನೆಗೆಂದು ಮಾಡಿದ ಕೆಲಸವನ್ನು ತಾನು ಮಾಡಿಲ್ಲವೆಂದು ಇಡೀ ಬೀದಿ ಪ್ರೀತಿಯಿಂದ ಸಾಬೀತುಪಡಿಸುವುದನ್ನು ಟೆಸ್ಟರಣ್ಣ ಬಾಯಿ ತೆರೆದು ಕೇಳಿಸಿಕೊಂಡ. ಹೆಂಡತಿ ಅವನ ಕಾಲನ್ನು ಹಿಮ್ಮಡಿಯಲ್ಲಿ ಒತ್ತಿದಳು. ತೆರೆದ ಬಾಯಿ ಮುಚ್ಚಿತು.

"ಅರ್ಜಿದಾರರು ಮನೆಯಲ್ಲಿ ಯಾವುದೇ ಕೆಲಸ ಮಾಡುವುದಿಲ್ಲವೆಂಬುದು ಸ್ಥಳೀಯರ ಹೇಳಿಕೆಗಳಿಂದ ದೃಢಪಟ್ಟಿರುತ್ತದೆ," ಎಂದರು ಇನ್‌ಸ್ಪೆಕ್ಟರ್. ಪೆನ್ನನ್ನು ಮಾತ್ರ ಇನ್ನೂ ಕಾಗದಕ್ಕೆ ತಾಗಿಸಲಿಲ್ಲ. ಸುತ್ತ ಕಣ್ಣಾಡಿಸಿದರು. "ಶಾಕ್ ಹೊಡೆದವರಿಗೆ ಚಿಕಿತ್ಸೆ ಹೇಗೆಂದು ತೋರಿಸುವ ಪಟ ಗೋಡೆಯ ಮೇಲೆ ಕಾಣುವುದಿಲ್ಲ. ನಿಯಮದಂತೆ ಅದು ಇರತಕ್ಕದ್ದು. ಅದೊಂದನ್ನು ಈಗಲೇ ತೂಗುಹಾಕಿದಲ್ಲಿ ಸಹಿ ಮಾಡಲಾಗುವುದು."

ಪಟ ತಂದಿಟ್ಟಿದ್ದರು, ಹೊಡೆದಿರಲಿಲ್ಲ. ಟೆಸ್ಟರಣ್ಣ ಸುತ್ತಿಗೆಗೆ ಕೈ ಹಾಕಿದ.

"ನೀವಲ್ಲ," ಎಂದರು ಇನ್‌ಸ್ಪೆಕ್ಟರ್. "ವೈರಿಂಗ್ ಮಾಡಿದವರೇ ಹೊಡೆಯತಕ್ಕದ್ದು. ಪೈಪು ಎಲ್ಲೆಲ್ಲಿ ಹಾದುಹೋಗಿದೆ ಎಂಬುದು ಅವರಿಗಷ್ಟೇ ತಿಳಿದಿರುತ್ತದೆ."

"ಅದಕ್ಕೇನು ಸಾರ್," ಎಂದು ಸಾಹುಕಾರರು ತೋಳು ಮಡಚಿದರು. "ಕಣ್ಣು ಮುಚ್ಚಿಕೊಂಡು ಹೇಳ್ತೀನಿ." ನಯವಾದ ಗೋಡೆಯನ್ನು ಒಮ್ಮೆ ಸವರಿ, ನಡುವೆ ಒಂದು ಜಾಗ ಆರಿಸಿ ಮೊಳೆ ಇಟ್ಟರು.

ಆ ಗೋಡೆಯಲ್ಲಿ ಪೈಪು ಇಲ್ಲದ ಜಾಗ ಬೇಕಾದಷ್ಟಿತ್ತು. ಮೊಳೆ ನಿಂತದ್ದು ಸರಿಯಾಗಿ ಪೈಪಿನ ನೆತ್ತಿಯ ಮೇಲೆ. ಒಳಗೆ ಮೇನ್ ಲೈನು.

"ಸ್ವಲ್ಪ ಈ ಕಡೆ ಇದ್ರೆ ನೋಡೋಕೆ ಚೆಂದ ಸಾರ್," ಎಂದ ಟೆಸ್ಟರಣ್ಣ, ಏನೂ ಗೊತ್ತಿಲ್ಲದವನ ಹಾಗೆ.

"ಪಟ ಅಂದ್ರೆ ನಡುವೆ ಇರಬೇಕಯ್ಯ."

ಮೇನ್ ಸ್ವಿಚ್ ಆರಿಸೋಣವೆಂದು ಅವನು ಎರಡು ಹೆಜ್ಜೆ ಇಟ್ಟ. ಇನ್‌ಸ್ಪೆಕ್ಟರ್ ಅದಕ್ಕೇ ಬೆನ್ನು ಕೊಟ್ಟು ನಿಂತಿದ್ದರು. ಅವರು ಮೊಳೆಯನ್ನು ನೋಡುತ್ತಿರಲಿಲ್ಲ. ಟೆಸ್ಟರಣ್ಣನ ಮುಖವನ್ನೇ ನೋಡುತ್ತಿದ್ದರು. ಆ ಮುಖದಲ್ಲಿ ಒಂದು ಕಡೆ ಲೈಸೆನ್ಸು, ಇನ್ನೊಂದು ಕಡೆ ಸಾಹುಕಾರರ ಪ್ರಾಣ ಹಗ್ಗ ಜಗ್ಗುತ್ತಿದ್ದವು. ಸಾಹುಕಾರರ ಪ್ರಾಣ ಅಷ್ಟು ಭಾರದ್ದೇನಲ್ಲ ಎಂದು ಅವನಿಗೂ ಅನಿಸಿರಬಹುದು. ಹಾಗೆ ಒಂದು ಕ್ಷಣ ತಡಮಾಡಿದ. ಸುತ್ತಿಗೆ ಮೇಲೆದ್ದಿತು. ಟೆಸ್ಟರಣ್ಣ ಹಾರಿಹೋಗಿ ಆ ಕೈ ಹಿಡಿದ.

"ಪೈಪ್ ಇದೆ ಸಾರ್ ಅಲ್ಲಿ."

"ನನ್ನ ವೈರಿಂಗ್ ನನಗೇ ಹೇಳಿಕೊಡ್ತೀಯಾ?" ಎಂದರು ಸಾಹುಕಾರರು, ಮೂವತ್ತು ವರ್ಷದ ಅನುಭವವನ್ನೆಲ್ಲ ಧ್ವನಿಗೆ ತಂದುಕೊಂಡು.

"ಹಾಗಿದ್ದಲ್ಲಿ ಹೊಡೆಯಬಹುದು," ಎಂದರು ಇನ್‌ಸ್ಪೆಕ್ಟರ್.

ಸಾಹುಕಾರರು ಮೊಳೆ ನೋಡಿದರು. ಟೆಸ್ಟರಣ್ಣನನ್ನು ನೋಡಿದರು. ತಮ್ಮ ಕೈಯ ಕಬ್ಬಿಣದ ಸುತ್ತಿಗೆಯನ್ನು ನೋಡಿದರು. ಆಮೇಲೆ, ಯಾರೂ ಗಮನಿಸುವುದಿಲ್ಲವೆಂಬ ಹಾಗೆ, ಮೊಳೆಯನ್ನು ಮೆಲ್ಲಗೆ ಮೂರು ಬೆರಳು ಬಲಕ್ಕೆ ಜರುಗಿಸಿ, "ಇಲ್ಲಾದ್ರೆ ಆಗಬಹುದಾ?" ಎಂದು ಟೆಸ್ಟರಣ್ಣನನ್ನೇ ಕೇಳಿದರು.

ಮೂವತ್ತು ವರ್ಷದ ಅನುಭವ ಮೂರೇ ಬೆರಳಿನಲ್ಲಿ ಮುಗಿದುಹೋಯಿತು.

ಇನ್‌ಸ್ಪೆಕ್ಟರ್ ಕುರ್ಚಿಯಲ್ಲಿ ಕೂತರು. "ಅಂದರೆ, ಇವರ ಸಹಿಯಿರುವ ಕಾಮಗಾರಿಗಳು ಇನ್ನೂ ಎಷ್ಟಿರುತ್ತವೆ?"

ಇನ್ನು ಮುಚ್ಚಿಡಲು ಏನೂ ಉಳಿದಿಲ್ಲವೆಂದು ಟೆಸ್ಟರಣ್ಣ ಉಸಿರು ಬಿಟ್ಟ. "ವಾಚನಾಲಯ ನಂದೇ ಸಾರ್. ದೊಡ್ಡ ಬೀದಿ ಅಂಗಡಿಗಳು ಪೂರ್ತಿ. ಸಿನಿಮಾ ಮಂದಿರ. ನಿಮ್ಮ ಕಚೇರಿ."

"ನಮ್ಮ ಕಚೇರಿ?"

"ಅದರ ಹಿಂದಿನ ಕ್ವಾರ್ಟರ್ಸೂ ಸಾರ್. ಮೂರೂ ಮನೆ."

ಮೂರರಲ್ಲಿ ನಡುವಿನದು ಇನ್‌ಸ್ಪೆಕ್ಟರರ ಮನೆ. ಅಷ್ಟು ವರ್ಷಗಳ ವರದಿಯ ಭಾಷೆ ಅವರ ಬಾಯಿಂದ ಒಮ್ಮೆಲೇ ಉದುರಿಹೋಯಿತು. "ಅಯ್ಯೋ, ನಮ್ಮನೇದೂ ನೀನೇನೋ ಮಾಡಿದ್ದು? ಸರಿ ಇದೆ ಅಂತ ನಾನೇ ಪಾಸ್ ಮಾಡಿದ್ನಲ್ಲೋ."

ಇನ್‌ಸ್ಪೆಕ್ಟರ್ ಕಾಗದವನ್ನು ನೋಡುತ್ತ ಕೂತರು. ನಿಜ ಬರೆದರೆ ಅರ್ಜಿ ತಿರಸ್ಕರಿಸಬೇಕು. ಸಾಹುಕಾರರ ಲೈಸೆನ್ಸ್ ಕಿತ್ತುಕೊಳ್ಳಬೇಕು. ಅಲ್ಲಿಗೆ ಮುಗಿಯುವುದಿಲ್ಲ. ಆ ಸಹಿಯಿರುವ ಕಟ್ಟಡಗಳಿಗೆಲ್ಲ ಕರೆಂಟು ಕಡಿಯಬೇಕು. ಅವನ್ನೆಲ್ಲ ಕಣ್ಣಾರೆ ನೋಡಿ ಪಾಸು ಮಾಡಿದವರು ಯಾರೆಂಬ ಪ್ರಶ್ನೆ ಆಮೇಲೆ ಬರುತ್ತದೆ. ಪ್ರಾಮಾಣಿಕತೆಗೂ ಒಂದು ಅಳತೆ ಬೇಕಲ್ಲ. ಅರ್ಧ ಊರನ್ನು ಕತ್ತಲೆಗೆ ತಳ್ಳಿ, ಅದನ್ನು ಸ್ವಂತ ಮಲಗುವ ಕೋಣೆಯಿಂದ ಶುರುಮಾಡುವ ನಿಜ ಯಾರಿಗೆ ಬೇಕು? ಅವರು ಗಂಟಲು ಸರಿಮಾಡಿಕೊಂಡರು. ಉದುರಿದ್ದ ಭಾಷೆ ಒಂದೊಂದೇ ವಿಭಕ್ತಿಯಾಗಿ ಮರಳಿ ಬಂತು.

"ಪಟ ಹೊಡೆಯಲು ಸೂಕ್ತವಾದ ಸ್ಥಳವನ್ನು ಅರ್ಜಿದಾರರು ಸೂಚಿಸಿ, ತಮ್ಮ ಮುಂಜಾಗ್ರತೆಯನ್ನು ತೋರಿರುತ್ತಾರೆ. ಲೈಸೆನ್ಸ್ ನೀಡಬಹುದೆಂದು ಶಿಫಾರಸು ಮಾಡಲಾಗಿದೆ."

ಸಹಿ ಬಿತ್ತು. ಕಿಟಕಿಯಲ್ಲಿದ್ದ ಬೀದಿ, ತಾನೇ ಸಾಕ್ಷಿ ಹೇಳಿ ಲೈಸೆನ್ಸ್ ಕೊಡಿಸಿದ ಹೆಮ್ಮೆಯಲ್ಲಿ ಚದುರಿತು. ಸಾಹುಕಾರರು ಸುತ್ತಿಗೆಯನ್ನು ಟೆಸ್ಟರಣ್ಣನ ಕೈಗಿಟ್ಟು, ಏನೂ ನಡೆಯದ ಹಾಗೆ ಹೊರಟುಹೋದರು. ಹೆಂಡತಿ ಒಳಗಿನಿಂದ ಗಂಡನಿಗೆ ಟೀ ತಂದಳು, ಅವನ ಸ್ವಂತ ಲೋಟದಲ್ಲಿ.

ಇನ್‌ಸ್ಪೆಕ್ಟರ್ ಮಾತ್ರ ಚಪ್ಪಲಿ ಮೆಟ್ಟಿಕೊಂಡವರು ಹೊಸ್ತಿಲಲ್ಲೇ ನಿಂತರು. ಆಚೀಚೆ ನೋಡಿ ಧ್ವನಿ ತಗ್ಗಿಸಿದರು.

"ನೋಡಿ, ನಮ್ಮನೆ ಬಚ್ಚಲಲ್ಲಿ ಗೀಸರ್ ಹಾಕಿ ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ. ಮನೇಲಿ ಎಲ್ಲರೂ ಚಪ್ಪಲಿ ಹಾಕ್ಕೊಂಡೇ ಸ್ನಾನ ಮಾಡ್ತಿದ್ದೀವಿ. ಒಂದ್ಸಲ ಬಂದು ನೋಡ್ತೀರಾ?"

ಟೆಸ್ಟರಣ್ಣ ಅವರ ಕೈಯಲ್ಲಿದ್ದ ಕಾಗದವನ್ನು ನೋಡಿದ. ಸಹಿಯ ಶಾಯಿ ಪೂರ್ತಿ ಒಣಗಿತ್ತು. ಅವನು ಲೋಟವನ್ನು ಕೆಳಗಿಟ್ಟು, ಕೈಗಳನ್ನು ಜೇಬಿಗೆ ಇಳಿಬಿಟ್ಟು, ಬಹಳ ಬೇಸರದಿಂದ ತಲೆಯಾಡಿಸಿದ.

"ತಪ್ಪು ತಿಳ್ಕೋಬೇಡಿ ಸಾರ್. ಅದು ಯಾರೋ ಲೈಸೆನ್ಸ್ ಇಲ್ಲದೋನು ಮಾಡಿರೋ ಕೆಲಸ. ಅಂಥದ್ದಕ್ಕೆಲ್ಲ ನಾವು ಕೈ ಹಾಕೋದಿಲ್ಲ."